ಬಚ್ಚಲಮನೆಯಲ್ಲಿ ಉಳಿದ ಭಾಷೆ

ನನ್ನ ಇಬ್ಬರು ಮೊಮ್ಮಕ್ಕಳಿಗೆ ಚೀನಿ ಭಾಷೆ ನೀರು ಕುಡಿದಷ್ಟು ಸಲೀಸಾಗಿ ಬರುತ್ತದೆ. ನನಗೆ ಬರುವುದಿಲ್ಲ. ಹತ್ತಿಪ್ಪತ್ತು ಮಾತು ಗೊತ್ತು, ಅವನ್ನು ನಾನು ಆಡಿದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೂ ಅವರಿಗೆ ಆ ಭಾಷೆ ಬಂದದ್ದರಲ್ಲಿ ನನ್ನದೂ ಪಾಲಿದೆ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಹೇಳುವ ಮೊದಲು ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಾಲ್ಕು ವರ್ಷ ಅವರಿಗೆ ಅದು ಬರದಂತೆ ಮಾಡಿದವಳೂ ನಾನೇ.

ನಮ್ಮೂರು ಶಿಗ್ಗಾಂವ, ಹಿರೇಬೆಂಡಿಗೇರಿ ಅಂತ ಸುತ್ತಲಿನ ಕನ್ನಡ ಸಾಲೆಗಳಲ್ಲಿ ಮೂವತ್ತು ವರ್ಷ ಒಂದನೇ ಎರಡನೇ ಇಯತ್ತೆಯ ಮಕ್ಕಳಿಗೆ ಕಲಿಸಿದ್ದೇನೆ. ನನ್ನ ಬಾಯಿ ಜೋರು. ಸಾಲೆಯ ಒಳಗೆ ನಾನು ಮಗ್ಗಿ ಹೇಳಿಸಿದರೆ ಹೊರಗೆ ಬಸ್ಸಿಗೆ ನಿಂತವರಿಗೂ ಕೇಳುತ್ತಿತ್ತು. ಮನೆಯಲ್ಲೂ ನನ್ನದೇ ದರಬಾರು. ಯಜಮಾನರು ತೀರಿಕೊಂಡ ಮೇಲಂತೂ ಕೇಳುವವರೇ ಇರಲಿಲ್ಲ. ನನ್ನ ಮಗ ಮಾತ್ರ ಬಾಯಿಲ್ಲದವನು. ಅಕ್ಕಿಯೊಳಗಿನ ಕರಿಕಾಳು, ಹರಳು ಆರಿಸುವ ಯಂತ್ರಗಳನ್ನು ಗಿರಣಿಗಳಲ್ಲಿ ಕೂಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಅವನ ಕೆಲಸ. ಆ ಯಂತ್ರಗಳು ಬರುವುದು ಚೀನಾದಿಂದ. ಕೆಲಸ ಕಲಿಯಲು ಆರು ತಿಂಗಳೆಂದು ಅಲ್ಲಿಗೆ ಹೋದವನು ಮೂರು ವರ್ಷ ಇದ್ದು, ಕೆಲಸ ಕಲಿಸಿದ ಹುಡುಗಿಯನ್ನೇ ಮದುವೆಯಾಗಿ ಕರೆದುಕೊಂಡು ಬಂದ. ಬಾಯಿಲ್ಲದವನು ಅದನ್ನು ಹೇಗೆ ಸಾಧಿಸಿದ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಬೈಯಬೇಕೆಂದೇ ನಿಂತಿದ್ದೆ. ಆ ಹುಡುಗಿ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ನನ್ನ ಕಾಲು ಮುಟ್ಟಿ, "ಅತ್ತಿ, ಆರಾಮ ಅದೀರಿ?" ಅಂದಳು. ದಾರಿಯುದ್ದಕ್ಕೂ ಆ ಮೂರು ಮಾತು ಉರುಹೊಡೆದುಕೊಂಡು ಬಂದಿದ್ದಳಂತೆ. ನನ್ನ ಸಿಟ್ಟು ಅಲ್ಲೇ ಇಳಿಯಿತು. ಒಂದು ವರ್ಷದೊಳಗೆ ಅವಳು ನಮ್ಮ ಕನ್ನಡ ಕಲಿತಳು, ರೊಟ್ಟಿ ಬಡಿಯುವುದನ್ನು ಕಲಿತಳು, ಸಂತೆಯಲ್ಲಿ ಬದನೆಕಾಯಿ ಆರಿಸುವುದನ್ನು ನನಗಿಂತ ಚೆನ್ನಾಗಿ ಕಲಿತಳು. ಸಣ್ಣ ದನಿ, ಎಣಿಸಿದಂತೆ ಮಾತು. ಹೇಳಿದ್ದನ್ನು ಹೇಳಿದಂತೆ ಕೇಳುವವಳು. ಕಡೆಗೆ ಎಡವಟ್ಟಾದದ್ದು ಅಲ್ಲೇ.

ದೊಡ್ಡ ಮೊಮ್ಮಗಳಿಗೆ ಆಗ ಒಂದೂವರೆ ವರ್ಷ. ಎದುರು ಮನೆಯವಳ ತವರು ಹತ್ತಿಮತ್ತೂರು. ಅಲ್ಲಿಂದ ಅವಳ ಬಳಗದವರು ನಾಲ್ಕೈದು ಮಂದಿ ಬಂದಿದ್ದರು. ಬಂದವರಿಗೆ ಚೀನಾದ ಸೊಸೆಯನ್ನು ನೋಡುವ ಆಸೆ. ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕುಳಿತು ಚಹಾ ಕುಡಿಯುತ್ತಿದ್ದರು. ಸೊಸೆ ಒಂದು ಮೂಲೆಯಲ್ಲಿ ಕೂಸಿಗೆ ಅನ್ನ ಉಣ್ಣಿಸುತ್ತ, ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದಳು. ಕೂಸು ಬಾಯಿ ತೆರೆದು ಕೇಳುತ್ತಿತ್ತು. ಆಗ ಎದುರು ಮನೆಯವಳು, "ಏನ್ ಅನ್ನಾಕತ್ತಾಳ್ರೀ ಅಕಿ? ನಮಗ ಬೈಯಾಕತ್ತಾಳೋ ಏನೋ, ಯಾರಿಗ್ಗೊತ್ತ!" ಅಂದಳು. ಎಲ್ಲರೂ ಹೋ ಅಂತ ನಕ್ಕರು. ಚಾಷ್ಟಿಯ ಮಾತು, ಅಷ್ಟಕ್ಕೆ ಬಿಡಬಹುದಿತ್ತು. ನನಗೆ ಮಾತ್ರ ಮುಖಕ್ಕೆ ಹೊಡೆದಂತಾಯಿತು. ಬಂದವರು ಹೋದ ಮೇಲೆ ಸೊಸೆಯನ್ನು ಕರೆದು ಹೇಳಿದೆ.

"ನೋಡವಾ, ಮಂದಿ ಮುಂದ ನಿನ್ನ ಭಾಷಾ ಬ್ಯಾಡ. ಮಂದಿ ಹೋದ ಮ್ಯಾಲ ಎಷ್ಟ ಬೇಕಾದ್ರೂ ಆಡ್ಕೊ. ನಾ ಏನ್ ಬ್ಯಾಡ ಅನ್ನೂದಿಲ್ಲ."

"ಆತ್ರಿ ಅತ್ತಿ," ಅಂದಳು.

ನಾನು ಬಹಳ ದೊಡ್ಡ ಮನಸ್ಸು ಮಾಡಿದ್ದೇನೆ ಅಂತ ಅಂದುಕೊಂಡೆ. ಆಡಬೇಡ ಅಂದಿಲ್ಲ ನೋಡಿ, ಮಂದಿ ಹೋದ ಮೇಲೆ ಆಡು ಅಂದಿದ್ದೇನೆ! ಆದರೆ ನಮ್ಮ ಮನೆಯಿಂದ ಮಂದಿ ಹೋಗುವುದು ಯಾವಾಗ? ಬೆಳಿಗ್ಗೆ ಕಸಕ್ಕೆ ತೆರೆದ ಬಾಗಿಲು ದೀಪ ಹಚ್ಚಿದ ಮೇಲೂ ಮುಚ್ಚುವುದಿಲ್ಲ. ಹಾಲಿನವನು ಕಟ್ಟೆಯ ಮೇಲೆ ಕೂತು ಚಹಾ ಕುಡಿದೇ ಏಳುತ್ತಾನೆ. ಎದುರು ಮನೆಯವಳು ಮಜ್ಜಿಗೆಗೆಂದು ಬಂದರೆ ಚರಿಗೆ ಬದಿಗಿಟ್ಟು ಇಡೀ ಓಣಿಯ ಸುದ್ದಿ ಮುಗಿಸುತ್ತಾಳೆ. ಹಿರೇಬೆಂಡಿಗೇರಿಯಿಂದ ಸಂತೆಗೆ ಬಂದವರು ಚೀಲ ಇಡುವುದು ನಮ್ಮಲ್ಲೇ. ಹಳೆಯ ವಿದ್ಯಾರ್ಥಿಗಳು ಲಗ್ನಪತ್ರ ಹಿಡಿದು ಬರುತ್ತಾರೆ, ಬಂದವರು ಊಟ ಮಾಡದೆ ಹೋದರೆ ನನಗೇ ಸಿಟ್ಟು. ನಾಲ್ಕು ಗಂಟೆಯಿಂದ ಟ್ಯೂಷನ್ ಮಕ್ಕಳು. ಇಂಥ ಮನೆಯಲ್ಲಿ ನಾನು ಅಂಥ ಅಪ್ಪಣೆ ಕೊಟ್ಟಿದ್ದೆ. ಕೊಟ್ಟು ಮರೆತೂಬಿಟ್ಟಿದ್ದೆ. ಅವಳು ಮರೆಯಲಿಲ್ಲ.

ನಾಲ್ಕು ವರ್ಷ ಕಳೆದವು. ಎರಡನೆಯ ಮೊಮ್ಮಗಳು ಹುಟ್ಟಿ ಅವಳೂ ಮಾತು ಕಲಿತಳು. ಇಬ್ಬರೂ ನನ್ನ ಹಾಗೆಯೇ ಕನ್ನಡ ಮಾತಾಡುತ್ತಿದ್ದರು, ನನ್ನ ಹಾಗೆಯೇ ಸೊಂಟದ ಮೇಲೆ ಕೈ ಇಟ್ಟುಕೊಂಡು. ಓಣಿಯವರು, "ಅಕ್ಕೋರ ಜೆರಾಕ್ಸ್ ನೋಡ್ರಿ" ಅನ್ನುತ್ತಿದ್ದರು. ನಮ್ಮ ಕಡೆ ಸಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ನನಗೆ ಅದೇ ಹೆಮ್ಮೆ.

ಪ್ರತಿ ರವಿವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಚೀನಾದಿಂದ ವಿಡಿಯೋ ಕಾಲ್ ಬರುತ್ತಿತ್ತು. ಸೊಸೆಯ ತಾಯಿ. ಮಕ್ಕಳು ಅವಳನ್ನು 'ಲಾವ್‌ಲಾವ್' ಅನ್ನುತ್ತಾರೆ, ತಾಯಿಯ ತಾಯಿ ಅಂತ ಅರ್ಥ. ಒಂದು ಹಳ್ಳಿಯಲ್ಲಿ ಮಗನ ಸಂಸಾರದ ಜೊತೆ ಇರುವ ಮುದುಕಿ. ಮೊಣಕಾಲು ಹೋಗಿವೆ, ಬಾಗಿಲಿನಿಂದ ಅಂಗಳಕ್ಕೆ ಬರಲೂ ಕೋಲು ಬೇಕು. ಇಷ್ಟು ದೂರ ಬರುವ ಮಾತೇ ಇಲ್ಲ. ಮೊಮ್ಮಕ್ಕಳನ್ನು ಎತ್ತಿಕೊಂಡವಳಲ್ಲ, ಮುಟ್ಟಿದವಳಲ್ಲ. ಅವಳ ಪಾಲಿಗೆ ಇದ್ದದ್ದು ಆ ಅಂಗೈಯಗಲದ ಫೋನು ಒಂದೇ. ಅದಕ್ಕೇ ತಲೆ ಬಾಚಿಕೊಂಡು, ಒಳ್ಳೆಯ ಅಂಗಿ ಹಾಕಿಕೊಂಡು ಕೂತಿರುತ್ತಿದ್ದಳು. ಮಕ್ಕಳನ್ನು ಕಂಡಕೂಡಲೇ ಅವಳ ಮುಖ ಅರಳುತ್ತಿತ್ತು, ಒಂದೇ ಸಮನೆ ಏನೇನೋ ಕೇಳುತ್ತಿದ್ದಳು. ಇವರು ಕೈ ಬೀಸುತ್ತಿದ್ದರು. 'ಲಾವ್‌ಲಾವ್' ಅನ್ನುತ್ತಿದ್ದರು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೂಕಿಕೊಂಡು ಹೊರಗೆ ಓಡುತ್ತಿದ್ದರು. ಮುದುಕಿ ಖಾಲಿ ಗೋಡೆ ನೋಡುತ್ತ ಕೂತಿರುತ್ತಿದ್ದಳು. "ಹುಡುಗೂರಿಗೆ ನಾಚಿಕಿ," ಅಂತ ನಾನು ಅಡುಗೆಮನೆಯಿಂದಲೇ ತೀರ್ಪು ಕೊಡುತ್ತಿದ್ದೆ.

ಒಂದು ರವಿವಾರ ಲಾವ್‌ಲಾವ್ ಏನೋ ಕೇಳಿದಳು. ಸಣ್ಣವಳಿಗೆ ಆಗ ಮೂರೂವರೆ ವರ್ಷ. ಏನು ತಿಳಿಯಿತೋ ಏನೋ, ಫೋನಿಗೆ ಮುಖ ಹಚ್ಚಿ ಗಟ್ಟಿಯಾಗಿ, "ತಾಯ್ ಜ್ಯಾವ್! ಬೀ ಯಾನ್!" ಅಂತ ಕೂಗಿದಳು. ಮುದುಕಿ ಮೊದಲು ನಕ್ಕಳು. ಇನ್ನೊಮ್ಮೆ ಏನೋ ಕೇಳಿದಳು. ಇವಳು ಮತ್ತೆ ಅದನ್ನೇ ಕೂಗಿದಳು. ಮುದುಕಿಯ ನಗು ನಿಂತಿತು. ಚಸ್ಮಾ ತೆಗೆದಳು, ಸೆರಗಿಲ್ಲವಲ್ಲ, ತೋಳಿನಿಂದ ಕಣ್ಣು ಒರೆಸಿಕೊಂಡಳು. ಸೊಸೆ ಅವಸರದಲ್ಲಿ ನಾಲ್ಕು ಮಾತಾಡಿ ಫೋನು ಇಟ್ಟು, ನೆಟ್ಟಗೆ ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ನಳ ಬಿಟ್ಟ ಸಪ್ಪಳ. ಬಕೆಟ್ಟು ತುಂಬಿ ಹರಿಯುವ ಸಪ್ಪಳವೂ ಬಂತು, ನಳ ನಿಲ್ಲಲಿಲ್ಲ.

ನೀರು ಹಾಳು ಮಾಡುತ್ತಾಳಲ್ಲ ಅಂತ ನಾನು ಬಾಗಿಲು ಬಡಿದೆ. ಹೌದು, ಮೊದಲು ನನಗೆ ಹೊಳೆದದ್ದು ನೀರು. ಬಾಗಿಲು ತೆರೆದಳು. ಕಣ್ಣು ಕೆಂಪಗಾಗಿದ್ದವು.

"ಏನಾತವಾ? ಸಣ್ಣಾಕಿ ಏನರ ಹೊಲಸ ಮಾತಾಡಿದ್ಲೇನ?"

"ಇಲ್ರಿ. ಕಾಲ ಎತ್ತು, ಕಣ್ಣ ಮುಚ್ಚು ಅಂದ್ಲು."

"ಅದನ್ಯಾಕ ಅಂದ್ಲು?"

"ಅಕಿಗೆ ಅಷ್ಟ ಬರ್ತೈತ್ರಿ."

"ಅಷ್ಟ ಯಾಕ?"

ಸೊಸೆ ಕೈ ಚಾಚಿ ನಳ ನಿಲ್ಲಿಸಿದಳು. ಆಮೇಲೆ ಅಂದಳು, "ಮೈ ತೊಳಿವಾಗ ಅಷ್ಟ ಅಲ್ರಿ ಬೇಕಾಗೂದು. ನೀರು ಬಿಸಿ ಐತಿ, ಕಾಲ ಎತ್ತು, ಕಣ್ಣ ಮುಚ್ಚು, ಆತು ಏಳು. ನಾ ಬಚ್ಚಲದಾಗ ಅಷ್ಟ ಹುಡುಗೂರ ಜೋಡಿ ನಮ್ಮ ಭಾಷಾ ಆಡತೇನ್ರಿ."

"ಬಚ್ಚಲದಾಗ ಅಷ್ಟ ಯಾಕ?"

"ಅಲ್ಲೆ ಮಂದಿ ಇರೂದಿಲ್ಲಲ್ರಿ, ಅತ್ತಿ."

ಆಗ ನನಗೆ ನನ್ನ ಮಾತು ನೆನಪಾಯಿತು. ಪಡಸಾಲೆ, ಚಹಾದ ಕಪ್ಪುಗಳು, ಹತ್ತಿಮತ್ತೂರಿನವರ ನಗು, ಎಲ್ಲ ಒಟ್ಟಿಗೆ ನೆನಪಾಯಿತು. ನನ್ನ ಸ್ವಭಾವ ನೋಡಿ, ಆಗಲೂ ಮೊದಲು ಬಂದದ್ದು ಸಿಟ್ಟೇ. "ನಾಕ ವರ್ಷ ಬಾಯಿ ಮುಚ್ಕೊಂಡ ಇದ್ದೆಲ್ಲ, ನನಗ ಒಂದ ಮಾತ ಹೇಳಬಾರದೇನ?" ಅಂತ ಕೂಗಿದೆ. ಅವಳು, "ನೀವ ಹೇಳಿದ್ರಲ್ರಿ," ಅಂದಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ನಾನು ಅಡುಗೆಮನೆಗೆ ಬಂದು, ಬೇಳೆ ಸೀಯುತ್ತಿದ್ದುದನ್ನು ನೋಡುತ್ತ ನಿಂತೆ. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಜೊತೆ ತನ್ನ ಮಾತು ಆಡಲು ಒಬ್ಬ ತಾಯಿ ಬಚ್ಚಲಿನ ಅಗಳಿ ಹಾಕಿಕೊಳ್ಳಬೇಕಾಯಿತು, ಅದೂ ನನ್ನ ಮನೆಯಲ್ಲಿ. ಬಹಳ ನಾಚಿಕೆಯಾಯಿತು.

ಮುಂದಿನ ವಾರ ಸವಣೂರಿನಿಂದ ನನ್ನ ಹಳೆಯ ಗೆಳತಿ ಬಂದಳು. ಅವಳೂ ನನ್ನ ಜೊತೆ ನೌಕರಿ ಮಾಡಿ ನಿವೃತ್ತಳಾದ ಅಕ್ಕೋರು. ಅವರ ಮನೆಯ ಮಾತು ಉರ್ದು. ಎಲೆಯ ಕಟ್ಟು ತಂದಿದ್ದಳು. ಎಲೆಗೆ ಸುಣ್ಣ ಹಚ್ಚುತ್ತ ನಾನು ಎಲ್ಲ ಹೇಳಿಕೊಂಡೆ. ಅವಳು ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದಳು.

"ಅಕ್ಕೋರ, ನಿಮ್ಮ ಪಡಸಾಲ್ಯಾಗ ಕುಂತ ನಾ ನನ್ನ ಮಗಳ ಜೋಡಿ ಫೋನಿನ್ಯಾಗ ಉರ್ದು ಮಾತಾಡತೇನಿ. ನಿಮಗ ಎಂದರ ನಾ ಬೈದಂಗ ಅನ್ನಿಸೇತೇನ್ರಿ?"

"ಛೇ ಛೇ, ಎಲ್ಲಿ ಮಾತ್ರಿ!"

"ನನಗ್ಯಾಕ ನೀವು ಮಂದಿ ಮುಂದ ಬ್ಯಾಡ ಅನ್ನಲಿಲ್ಲ? ಅಂದಿದ್ರ ನಾ ಎಲಿ ಕಟ್ಟ ನಿಮ್ಮ ತಲಿ ಮ್ಯಾಲ ಒಗದ ಹೋಗ್ತಿದ್ನಿ, ಅದಕ. ಪಾಪ, ಆ ಹುಡುಗಿ ಎಲ್ಲಿ ಹೋಗಬೇಕ್ರಿ?"

ಹೊಡೆದರೂ ಅಷ್ಟು ನೋವಾಗುತ್ತಿರಲಿಲ್ಲ. ಅವಳ ಜೊತೆಗೇ ಕೂತು ನಿರ್ಧಾರ ಮಾಡಿದೆ. ಈ ಮಕ್ಕಳು ಲಾವ್‌ಲಾವ್ ಕೇಳಿದ್ದಕ್ಕೆ ಉತ್ತರ ಕೊಡುವಂತಾಗಬೇಕು. ಮುದುಕಿ ಇನ್ನೆಷ್ಟು ವರ್ಷ ಫೋನಿನ ಮುಂದೆ ಹೀಗೆ ಕೂತಾಳು? ಆಕೆ ಇರುವಾಗಲೇ ಆಗಬೇಕು.

ಆದರೆ ನನಗೆ ಗೊತ್ತಿದ್ದ ದಾರಿ ಒಂದೇ, ಸಾಲೆ. ಟ್ಯೂಷನ್ನಿನ ಕರಿಹಲಗೆ ಗೋಡೆಗೆ ಆನಿಸಿದೆ. ಸೊಸೆಯನ್ನು ಕೇಳಿ ಇಪ್ಪತ್ತು ಚೀನಿ ಶಬ್ದಗಳನ್ನು ಕನ್ನಡ ಅಕ್ಷರದಲ್ಲಿ ಬರೆದೆ. ನೀರು, ಅನ್ನ, ಹಾಲು, ಬಾಗಿಲು. ಮಕ್ಕಳನ್ನು ಕೈ ಕಟ್ಟಿಸಿ ಕೂರಿಸಿ, ಕೋಲಿನಿಂದ ತೋರಿಸುತ್ತ ಒಂದೊಂದನ್ನೂ ಮೂರು ಮೂರು ಸಲ ಹೇಳಿಸಿದೆ. ಮಗ್ಗಿಯ ರಾಗದಲ್ಲಿ. ಸೊಸೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಮುಖ ಹುಳ್ಳಗೆ. ಹದಿನೈದು ದಿನಕ್ಕೆ ಇಪ್ಪತ್ತೂ ಶಬ್ದ ಬಾಯಿಪಾಠವಾದವು. ರವಿವಾರ ಫೋನು ಬಂದಾಗ ಮಕ್ಕಳು ಸಾಲಾಗಿ ನಿಂತು ಇಪ್ಪತ್ತನ್ನೂ ಒಪ್ಪಿಸಿದರು. ಒಪ್ಪಿಸಿ, ಓಡಿದರು. ಮುದುಕಿ ಚಪ್ಪಾಳೆ ತಟ್ಟಿದಳು, ಸಾಲೆ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರ ಹಾಗೆ. ಅದಾದ ಮೇಲೆ ಕೋಲು ಕಂಡರೆ ಸಣ್ಣವಳು ಮಂಚದ ಕೆಳಗೆ ತೂರಿಕೊಳ್ಳತೊಡಗಿದಳು.

ಒಂದು ದಿನ ಸೊಸೆ ಧೈರ್ಯ ಮಾಡಿ ಅಂದಳು, "ಅತ್ತಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಇದು ಸಾಲಿ ಆತ್ರಿ. ನಮ್ಮವ್ವ ನನಗ ಹಲಗಿ ಮ್ಯಾಲ ಬರದ ಮಾತ ಕಲಸಲಿಲ್ಲ. ಕೆಲಸಕ್ಕ ಕರದ್ಲು."

"ಏನ್ ಕೆಲಸ?"

"ಶಾವಿಗಿ ಎಳ್ಯಾಕ."

ನನಗೆ ಮೊದಲು ನಂಬಿಕೆಯಾಗಲಿಲ್ಲ. ಅವರ ಹಳ್ಳಿಯಲ್ಲೂ ಗೋಧಿ ಹಿಟ್ಟಿನ ಎಳೆ ಎಳೆದು, ಕೋಲಿಗೆ ಹಾಕಿ, ಅಂಗಳದಲ್ಲಿ ಒಣಗಿಸುತ್ತಾರಂತೆ. ಅವರವ್ವ ಅದರಲ್ಲೇ ಕೈ ಪಳಗಿದವಳಂತೆ. ನಮ್ಮ ಓಣಿಯಲ್ಲೂ ಬೇಸಿಗೆಯಲ್ಲಿ ಹೆಂಗಸರು ಕೂಡಿ ಕೈ ಶಾವಿಗೆ ಮಾಡುತ್ತೇವೆ. ಒಬ್ಬಳು ಮಣೆಯ ಮೇಲೆ ಕೂತು ಹಿಟ್ಟು ಹೊಸೆಯುತ್ತಾಳೆ, ಇನ್ನೊಬ್ಬಳು ಎಳೆ ಹಿಡಿಯುತ್ತಾಳೆ, ಮತ್ತೊಬ್ಬಳು ಕೋಲಿಗೆ ಹಾಕುತ್ತಾಳೆ. ಈಗ ಎಲ್ಲರೂ ಮಶಿನ್ ಶಾವಿಗೆ ತರುತ್ತಾರೆ. ನಾನು ಹಟಕ್ಕೆ ಒಂದು ಮಣೆ ಇಟ್ಟುಕೊಂಡಿದ್ದೇನೆ. ಇಷ್ಟು ವರ್ಷ ಸೊಸೆಗೆ ನಾನೇ ಶಾವಿಗೆ ಕಲಿಸುತ್ತಿದ್ದೆ. ಅವಳು ಏನೂ ಗೊತ್ತಿಲ್ಲದವಳ ಹಾಗೆ ಕಲಿಯುತ್ತಿದ್ದಳು!

ಆ ಬೇಸಿಗೆಯಲ್ಲಿ ಹೆಂಗಸರೆಲ್ಲ ಬಂದು ಅಂಗಳದಲ್ಲಿ ಕೂತಾಗ ನಾನು ಎದ್ದು ನಿಂತು ಹೇಳಿದೆ, "ಈ ವರ್ಷ ನನ್ನ ಸೊಸಿ ತಮ್ಮೂರ ನಮೂನಿ ಮಾಡ್ತಾಳ. ಅಕಿನ ಹಿರೇಮನಷಿ. ಅಕಿ ತನ್ನ ಭಾಷಾದಾಗ ಹೇಳ್ತಾಳ, ನಾವು ಕೇಳಬೇಕು. ಯಾರಿಗೆ ಆಗೂದಿಲ್ಲೋ ಅವ್ರು ಮನಿಗೆ ಹೋಗಬಹುದು." ಎದುರು ಮನೆಯವಳು ಬಾಯಿ ತೆರೆದಳು. ನಾನು ನೋಡಿದೆ. ಮುಚ್ಚಿದಳು.

ಸೊಸೆ ಕೆಂಪಾದಳು. ಅವರ ಪದ್ಧತಿಯಲ್ಲಿ ಹಿಟ್ಟಿನ ದಪ್ಪ ಎಳೆಯನ್ನು ಎರಡು ಕೋಲಿಗೆ ಸುತ್ತಿ, ಮೇಲಿನ ಕೋಲು ಗೂಟಕ್ಕೆ ಸಿಕ್ಕಿಸಿ, ಕೆಳಗಿನದನ್ನು ಮೆಲ್ಲಗೆ ಎಳೆಯುತ್ತ ಹೋಗಬೇಕು. ಆ ಕೆಳಗಿನ ಕೋಲಿನ ಎರಡು ತುದಿಗೆ ಇಬ್ಬರು ಮಕ್ಕಳನ್ನು ನಿಲ್ಲಿಸಿದಳು. "ಮಾನ್ ಮಾನ್," ಅಂದಳು. ನಿಧಾನ ನಿಧಾನ ಅಂತ. ಮಕ್ಕಳು ಎಳೆದರು. ಎಳೆಗಳು ಉದ್ದವಾದವು, ತೆಳುವಾದವು. ಸಣ್ಣವಳು ಜಗ್ಗಿದಾಗ ನಾಲ್ಕು ಎಳೆ ಹರಿದವು. ಸೊಸೆ ತನ್ನನ್ನು ತಾನು ಮರೆತು ಗಟ್ಟಿಯಾಗಿ ಏನೋ ಅಂದಳು. ಅದಕ್ಕೆ ಸಣ್ಣವಳು ಏನೋ ಅಂದಳು. ತಪ್ಪೋ ಸರಿಯೋ, ಚೀನಿಯಲ್ಲಿ ಅಂದಳು. ಕೈಯಲ್ಲಿ ಕೋಲು ಇದೆ, ಬಿಟ್ಟು ಓಡುವಂತಿಲ್ಲ. ಬೆರಳು ತೋರಿಸುವಂತಿಲ್ಲ. ಬಾಯಿಂದಲೇ ಹೇಳಬೇಕು. ಮಧ್ಯಾಹ್ನದ ಹೊತ್ತಿಗೆ ಅಂಗಳದ ಹೆಂಗಸರೆಲ್ಲ "ಮಾನ್ ಮಾನ್, ಏ ಮಾನ್ ಮಾನ್ ಅಂದ್ರ ತಿಳಿಯೂದಿಲ್ಲೇನ ನಿನಗ" ಅಂತ ಒಬ್ಬರಿಗೊಬ್ಬರು ಬೈಯುತ್ತಿದ್ದರು. ನಾಲ್ಕು ದಿನ ಶಾವಿಗೆ ಆಯಿತು. ನಾಲ್ಕು ದಿನವೂ ಸೊಸೆಯ ದನಿ ಓಣಿಯ ಕೊನೆಯವರೆಗೆ ಕೇಳಿತು. ಅವಳಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಕರಿಹಲಗೆ ಒರೆಸಿ ಟ್ಯೂಷನ್ನಿಗೇ ಬಿಟ್ಟೆ. ಆಮೇಲೆ ಎಲ್ಲ ಕೆಲಸದಲ್ಲೇ ನಡೆಯಿತು. ಬೆಂಡೆಕಾಯಿ ಹೆಚ್ಚುವಾಗ ಬೆಂಡೆಕಾಯಿಯ ಮಾತು, ಬಟ್ಟೆ ಮಡಚುವಾಗ ಬಟ್ಟೆಯ ಮಾತು, ಜಡೆ ಹಾಕುವಾಗ ಜಡೆಯ ಮಾತು. ಸೊಸೆ ಮಕ್ಕಳೊಂದಿಗೆ ತನ್ನ ಭಾಷೆ ಬಿಟ್ಟು ಬೇರೆ ಆಡುವುದಿಲ್ಲ ಅಂತ ತೀರ್ಮಾನವಾಯಿತು, ಮನೆಯಲ್ಲಿ ಯಾರೇ ಇರಲಿ. ಮಕ್ಕಳು ಕನ್ನಡದಲ್ಲಿ ಕೇಳಿದರೂ ಅವಳು ತನ್ನ ಭಾಷೆಯಲ್ಲೇ ಉತ್ತರಿಸುತ್ತಿದ್ದಳು, ಅವರು ತಡವರಿಸಿದರೆ ಕಾಯುತ್ತಿದ್ದಳು. ಇದರಲ್ಲಿ ನನ್ನ ಕೆಲಸವೇನು? ಬಾಯಿ ಮುಚ್ಚಿಕೊಂಡು ಕೂರುವುದು. ನಗಬೇಡಿ, ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿರಲಿಲ್ಲ. ಮಗು ನೀರು ಬೇಕೆಂದು ಶಬ್ದ ಹುಡುಕುತ್ತ ನಿಂತಿದ್ದರೆ ನನ್ನ ಕೈ ಚರಿಗೆಯ ಕಡೆ ತಾನೇ ಹೋಗುತ್ತಿತ್ತು. ಸೊಸೆ ನನ್ನ ಕಡೆ ನೋಡುತ್ತಿದ್ದಳು. ನಾನು ಕೈ ಹಿಂದಕ್ಕೆ ತೆಗೆದು ಸೆರಗಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಬಂದವರು ಯಾರಾದರೂ, "ಏನಂತಾಳ್ರಿ ನಿಮ್ಮ ಸೊಸಿ?" ಅಂತ ಕೇಳಿದರೆ, "ಮಗಳ ಜೋಡಿ ಮಾತಾಡಾಕತ್ತಾಳ. ನಿನಗ ಬೇಕಾದ್ರ ನೀನೂ ಕಲಿ," ಅನ್ನುತ್ತಿದ್ದೆ.

ಎಲ್ಲ ಹೂವಿನ ಹಾಗೆ ಅರಳಿತು ಅಂತ ತಿಳಿಯಬೇಡಿ. ಜೂನ್‌ನಲ್ಲಿ ಸಾಲೆ ಶುರುವಾದ ಮೇಲೆ ದೊಡ್ಡವಳು ಒಂದು ಸಂಜೆ ಚೀಲ ಒಗೆದು, "ನಾ ಇನ್ನ ಆ ಭಾಷಾ ಆಡೂದಿಲ್ಲ. ಎಲ್ಲಾರೂ ಚೀನಿ ಚೀನಿ ಅಂತ ಕಾಡತಾರ. ನಾ ಶಿಗ್ಗಾಂವದಾಕಿ," ಅಂದಳು. ಸೊಸೆಯ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. ಎರಡು ದಿನ ದೊಡ್ಡವಳು ತಾಯಿಯ ಮಾತಿಗೆ ಕನ್ನಡದಲ್ಲೂ ಉತ್ತರ ಕೊಡಲಿಲ್ಲ. ಬೈಯಲು ನನ್ನ ನಾಲಿಗೆ ತುರಿಸುತ್ತಿತ್ತು. ಬೈದರೆ ಕೆಟ್ಟಿತು ಅಂತ ಈ ಸಲ ಗೊತ್ತಿತ್ತು.

ಮೂರನೆಯ ದಿನ ನಾನೇ ಪಾಟಿ ಹಿಡಿದುಕೊಂಡು ಅವಳ ಮುಂದೆ ಕೆಳಗೆ ಕೂತೆ. "ಅಕ್ಕೋರ, ನನಗ ಚೀನಿ ಕಲಸ್ರಿ. ಮುಂದಿನ ರವಿವಾರ ನಿಮ್ಮ ಲಾವ್‌ಲಾವ್ ಜೋಡಿ ನಾನೂ ಮಾತಾಡ್ಬೇಕು. ನನಗ ಏನೇನೂ ಬರೂದಿಲ್ರಿ," ಅಂದೆ.

ಅವಳು ಅನುಮಾನದಿಂದ ನೋಡಿದಳು. "ಖರೇನ?"

"ಖರೇನ್ರಿ."

"ಕೈ ಕಟ್ಟು," ಅಂದಳು.

ಅಯ್ಯ ನಮ್ಮವ್ವ, ಏನು ಹೇಳಲಿ! ನನ್ನದೇ ಕೋಲು, ನನ್ನದೇ ದನಿ, ನನ್ನದೇ ಕಣ್ಣು ಕಿಸಿಯುವುದು. "ಬಾಯಿ ತಗದ ಹೇಳ, ಗೊಣಗ್ಬ್ಯಾಡ. ಎಷ್ಟ ಸಲ ಹೇಳಬೇಕ ನಿನಗ? ನಿನ್ನೆ ಹೇಳಿದ್ದು ಇವತ್ತ ಮರತೀ?" ಮೂವತ್ತು ವರ್ಷ ನಾನು ಮಾಡಿದ್ದೆಲ್ಲ ನನ್ನ ಮೇಲೇ ಬಂತು. ನಾನು ತಪ್ಪು ಹೇಳಿದಷ್ಟೂ ಅವಳು ಹತ್ತು ಸಲ ಸರಿಯಾಗಿ ಹೇಳುತ್ತಿದ್ದಳು. ತನಗೆ ಗೊತ್ತಿಲ್ಲದ್ದನ್ನು ನನಗೆ ಕಾಣದಂತೆ ಅಡುಗೆಮನೆಗೆ ಓಡಿಹೋಗಿ ತಾಯಿಯನ್ನು ಕೇಳಿಕೊಂಡು ಬರುತ್ತಿದ್ದಳು. ತಾಯಿಯ ಜೊತೆ ಮಾತು ಬಿಟ್ಟಿದ್ದೇನೆ ಎಂಬುದು ಅವಳಿಗೆ ಮರೆತೇಹೋಯಿತು. ಸಣ್ಣವಳು ಮಾನಿಟರ್ ಆದಳು. ಆಮೇಲೆ ಟ್ಯೂಷನ್ ಮಕ್ಕಳೂ ಕೂತರು, ಸಾಲೆಯಲ್ಲಿ ಕಾಡುತ್ತಿದ್ದವರೂ ಅವರಲ್ಲಿ ಇದ್ದರು. ಅವರನ್ನು ದೊಡ್ಡವಳು ಎಷ್ಟು ಬಡಿದಳೋ ನಾನು ನೋಡಲು ಹೋಗಲಿಲ್ಲ.

ಹೀಗೆ ಒಂದೂವರೆ ವರ್ಷ ಕಳೆಯಿತು. ರವಿವಾರದ ಫೋನು ಹತ್ತು ನಿಮಿಷದಿಂದ ಒಂದು ತಾಸಿಗೆ ಬಂತು. ಲಾವ್‌ಲಾವ್ ಈಗ ಒಳ್ಳೆಯ ಅಂಗಿ ಹಾಕಿಕೊಳ್ಳುವುದನ್ನು ಬಿಟ್ಟಿದ್ದಾಳೆ. ಶೇಂಗಾ ಸುಲಿಯುತ್ತಲೋ ಹಿಟ್ಟು ನಾದುತ್ತಲೋ ಮಾತಾಡುತ್ತಾಳೆ. ಮಕ್ಕಳು ಜಗಳವಾಡುತ್ತಾರೆ, ಅವಳು ನ್ಯಾಯ ಹೇಳುತ್ತಾಳೆ. ನಾನು ಅಡುಗೆಮನೆಯಿಂದ ಕೇಳುತ್ತ ಇರುತ್ತೇನೆ. ಹತ್ತರಲ್ಲಿ ಒಂದು ಮಾತೂ ತಿಳಿಯುವುದಿಲ್ಲ, ಆದರೂ ಸಮಾಧಾನವಾಗುತ್ತದೆ.

ಈ ಚಳಿಗಾಲದ ಒಂದು ರವಿವಾರದ ಮಾತು. ಹಿರೇಕೆರೂರಿನ ಕಡೆ ಒಂದು ಗಿರಣಿಯ ಯಂತ್ರ ಕೆಟ್ಟಿತ್ತು. ಅದರ ಪರದೆಯ ಮೇಲೆ ಬರುವುದೆಲ್ಲ ಚೀನಿ ಅಕ್ಷರ, ನನ್ನ ಮಗನಿಗೆ ಅರ್ಧ ತಿಳಿಯುತ್ತದೆ, ಅರ್ಧ ಇಲ್ಲ. ಅದಕ್ಕೇ ನಸುಕಿನಲ್ಲೇ ಸೊಸೆಯನ್ನೂ ಕರೆದುಕೊಂಡು ಹೋಗಿದ್ದ. ಅವಸರದಲ್ಲಿ ಸೊಸೆ ಫೋನು ಮನೆಯಲ್ಲೇ ಬಿಟ್ಟಿದ್ದಳು. ಹತ್ತಕ್ಕೆ ಫೋನು ಬಂತು. ದೊಡ್ಡವಳು ತೆಗೆದಳು. ಈಗ ಅವಳಿಗೆ ಏಳು ವರ್ಷ. ಬಿದ್ದ ಹಲ್ಲಿನ ಸುದ್ದಿ ಆಯಿತು, ಬೆಕ್ಕಿನ ಮರಿಯ ಸುದ್ದಿ ಆಯಿತು. ಆಮೇಲೆ ಲಾವ್‌ಲಾವ್ ದನಿ ಸಣ್ಣದು ಮಾಡಿ ಏನೋ ಕೇಳಿದಳು. ದೊಡ್ಡವಳು ನನ್ನನ್ನು ಕರೆದಳು. ನನಗೆ ಇವರು ಆಯಿ ಅನ್ನುತ್ತಾರೆ.

"ಆಯಿ, ಇಲ್ಲಿ ಬಾ. ಲಾವ್‌ಲಾವ್ ನಿನಗ ಒಂದ ಮಾತ ಕೇಳ್ತಾಳಂತ."

"ನನಗ? ಏನ ಕೇಳ್ತಾಳ?"

"ನಮ್ಮವ್ವ ಇಲ್ಲೆ ಅಳ್ತಾಳೇನು ಅಂತ. ಅವ್ವನ್ನ ಕೇಳಿದ್ರ ಯಾವಾಗ್ಲೂ ಇಲ್ಲ ಅಂತಾಳಂತ. ಅದಕ ನೀನ ಹೇಳಬೇಕಂತ."

ಒಂಬತ್ತು ವರ್ಷದಲ್ಲಿ ನಾವಿಬ್ಬರು ನೇರವಾಗಿ ಮಾತಾಡಿದ್ದು ಕೈ ಮುಗಿಯುವುದು, ತಲೆ ಆಡಿಸುವುದು, ನಾನು ಕಲಿತ ನಾಲ್ಕು ಚೀನಿ ಮಾತು, ಅಷ್ಟೇ. ನಡುವೆ ಸೊಸೆ ಇರುತ್ತಿದ್ದಳು. ನನ್ನ ಮಾತನ್ನು ಅವಳು ಒಳ್ಳೆಯದು ಮಾಡಿ ಅಲ್ಲಿಗೆ ದಾಟಿಸುತ್ತಿದ್ದಳು, ಅಲ್ಲಿಯದನ್ನೂ ಒಳ್ಳೆಯದು ಮಾಡಿ ಇಲ್ಲಿಗೆ. ಈಗ ನಡುವೆ ಇದ್ದದ್ದು ಏಳು ವರ್ಷದ ಹುಡುಗಿ, ಕೊಟ್ಟದ್ದನ್ನು ಹಾಗೇ ದಾಟಿಸುವವಳು. ಮುದುಕಿ ಹಿಟ್ಟಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಇಲ್ಲ ಅಂದುಬಿಡಬಹುದಿತ್ತು. ಅವಳ ಕಣ್ಣು ನೋಡಿದ ಮೇಲೆ ನನ್ನಿಂದ ಆಗಲಿಲ್ಲ.

"ಅಳತಿದ್ಲು ಅಂತ ಹೇಳು," ಅಂದೆ. "ನಾನ ಅಳಿಸಿದ್ದೆ ಅಂತನೂ ಹೇಳು."

ದೊಡ್ಡವಳ ಕಣ್ಣು ಅಗಲವಾದವು. "ನೀ ಅವ್ವಗ ಬಡದಿದ್ದೇನು?"

"ಇಲ್ಲ. ಮಂದಿ ಮುಂದ ನಿನ್ನ ಭಾಷಾ ಆಡಬ್ಯಾಡ ಅಂದಿದ್ದೆ. ನಾಕ ವರ್ಷ ಅಕಿ ಬಾಯಿ ಮುಚ್ಚಿಸಿದ್ದೆ. ನನ್ನದ ತಪ್ಪು ಅಂತ ಹೇಳು."

ಅವಳು ಹೇಳಿದಳು. ನಡುವೆ ಒಂದು ಕಡೆ ಶಬ್ದ ಸಿಗದೆ ನಿಂತಳು, ಸಣ್ಣವಳು ಬದಿಯಿಂದ ಎತ್ತಿಕೊಟ್ಟಳು. ಕೇಳಿಸಿಕೊಂಡು ಲಾವ್‌ಲಾವ್ ಚಸ್ಮಾ ತೆಗೆದು ಬದಿಗಿಟ್ಟಳು. ಆಮೇಲೆ ಮಾತಾಡಿದಳು, ಕೈ ಆಡಿಸುತ್ತ, ಮೂಗು ಒರೆಸಿಕೊಳ್ಳುತ್ತ.

"ಆಯಿ, ಲಾವ್‌ಲಾವ್ ಅಂತಾಳ, ನಮ್ಮವ್ವ ಇಲ್ಲಿಗೆ ಬರೂ ಮುಂದ ಅಕಿನೂ ಸಿಟ್ಟ ಮಾಡಿದ್ಲಂತ. ಅಷ್ಟ ದೂರ ಹೋಗಬ್ಯಾಡ ಅಂತ. ಎಂಟ ದಿನ ಅವ್ವನ ಜೋಡಿ ಮಾತ ಬಿಟ್ಟಿದ್ಲಂತ. ಅವ್ವ ಬಾಗಲಾ ದಾಟಿ ಹೋಗುವಾಗೂ ಮಾತಾಡಲಿಲ್ಲಂತ."

"ಮತ್ತ?"

"ನಾವು ಇಬ್ರೂ ಒಂದ ನಮೂನಿ ಮುದುಕ್ಯಾರು ಅಂತಾಳ."

ನನಗೆ ನಗು ಬಂತು, ಅಳುವೂ ಬಂತು. ಅಲ್ಲಿ ಅವಳದೂ ಅದೇ ಪಾಡು. ಇಬ್ಬರೂ ಮೂಗು ಒರೆಸಿಕೊಂಡೆವು. ಮಕ್ಕಳು ನಮ್ಮಿಬ್ಬರನ್ನೂ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ನೋಡಿದರು. ಲಾವ್‌ಲಾವ್ ಮತ್ತೊಂದು ಮಾತು ಕೇಳಿದಳು, ಸಣ್ಣದು.

"ಈಗೂ ಅಳ್ತಾಳೇನು ಅಂತ ಕೇಳಾಕತ್ತಾಳ, ಆಯಿ."

ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಮಗನ ಗಾಡಿ ನಿಂತ ಸಪ್ಪಳವಾಯಿತು. ಕೆಲಸ ಬೇಗ ಮುಗಿದಿರಬೇಕು. ಎದುರು ಮನೆಯವಳು ನಮ್ಮ ಕಟ್ಟೆಯ ಮೇಲೆ ಕೂತು ಹಸಿ ಕಡಲೆ ಬಿಡಿಸುತ್ತಿದ್ದಳು, ಜೊತೆಗೆ ಇನ್ನಿಬ್ಬರು. ಹೊಸ್ತಿಲಲ್ಲಿ ಮಕ್ಕಳ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದವು. ಸೊಸೆ ಅವನ್ನು ನೋಡಿದವಳೇ ಅಲ್ಲೇ, ಆ ಮೂವರ ಮುಂದೆಯೇ, ಒಳಗಿನ ಮಕ್ಕಳಿಗೆ ಕೇಳುವಂತೆ ತನ್ನ ಭಾಷೆಯಲ್ಲಿ ಬೈಯಲು ಶುರು ಮಾಡಿದಳು. ದೊಡ್ಡ ದನಿ, ಒಂದೇ ಉಸಿರು. ನನ್ನ ಮಗ ಹಿಂದೆ ಹೆಲ್ಮೆಟ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದ.

"ನೋಡ್ರಿ, ಈಗ ಖರೇನ ಬೈಯಾಕತ್ತಾಳ!" ಅಂದಳು ಎದುರು ಮನೆಯವಳು. ಕಟ್ಟೆಯ ಮೇಲಿನವರೆಲ್ಲ ನಕ್ಕರು. ಸೊಸೆಯೂ ನಕ್ಕಳು, ನಕ್ಕು ಮತ್ತೆ ಬೈಯತೊಡಗಿದಳು.

"ಆಯಿ, ಲಾವ್‌ಲಾವ್‌ಗ ಏನ ಹೇಳಲಿ?" ಅಂತ ದೊಡ್ಡವಳು ನನ್ನ ಸೆರಗು ಜಗ್ಗಿದಳು.

ನಾನು ಫೋನು ತೆಗೆದುಕೊಂಡು, ಅದರ ಮುಖವನ್ನು ಬಾಗಿಲ ಕಡೆ ತಿರುಗಿಸಿ ಹಿಡಿದುಕೊಂಡು ನಿಂತೆ.